ಮಣಿಕಟ್ಟಿನ ಮೇಲಿನ ಶಿಲುಬೆ ಯಾವಾಗ ಸಾಕ್ಷಿಯಾಗುತ್ತದೆ?

ಪ್ರಶ್ನೆ: ನನಗೆ 25 ವರ್ಷ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಬಲಗೈ ಮಣಿಕಟ್ಟಿನ ಒಳಭಾಗದಲ್ಲಿ ಒಂದು ಚಿಕ್ಕ ಶಿಲುಬೆಯನ್ನೂ ಅದರ ಕೆಳಗೆ ‘ಯೆಶಾಯ 49:16’ ಎಂದೂ ಹಚ್ಚೆ ಹಾಕಿಸಿಕೊಳ್ಳಬೇಕೆಂದಿದ್ದೇನೆ. ಅದು ನನ್ನ ನಂಬಿಕೆಗೆ ಸಾಕ್ಷಿಯಾಗುತ್ತದೆ ಎಂದು ನನ್ನ ಭಾವನೆ. ಸಭೆಯ ಹಿರಿಯರಾಗಿರುವ ನನ್ನ ತಂದೆಯವರು ಯಾಜಕಕಾಂಡ 19:28ನ್ನು ತೋರಿಸಿ ಬೇಡವೆನ್ನುತ್ತಾರೆ. ಆದರೆ ನಮ್ಮ ಅಜ್ಜಿಯ ಎರಡೂ ಮುಂಗೈಗಳಲ್ಲಿ ಚಿಕ್ಕಂದಿನಲ್ಲಿ ಹಳ್ಳಿಯಲ್ಲಿ ಹಾಕಿಸಿಕೊಂಡ ಹಚ್ಚೆಯಿದೆ. ಅದನ್ನು ಯಾರೂ ಪಾಪವೆಂದದ್ದನ್ನು ನಾನು ಕೇಳಿಲ್ಲ. ಈ ವಿಷಯದಲ್ಲಿ ಕ್ರೈಸ್ತರ ನಿಲುವೇನು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಹಚ್ಚೆ ಹಾಕಿಸಿಕೊಳ್ಳುವುದು ಪಾಪವೇ ಎಂಬುದು ನಿಮ್ಮ ತಂದೆಯವರ ಪ್ರಶ್ನೆ. ಹಾಕಿಸಿಕೊಂಡ ಹಚ್ಚೆ ಸಾಕ್ಷಿಯಾಗುತ್ತದೆಯೇ ಎಂಬುದು ನಿಮ್ಮದು. ಹಚ್ಚೆ ತನ್ನಷ್ಟಕ್ಕೆ ಪಾಪವಲ್ಲ ಎಂಬುದು ಮೊದಲನೆಯದಕ್ಕೆ ನನ್ನ ಉತ್ತರ, ಮತ್ತು ಇಂದಿನ ಬಹಳಷ್ಟು ಸಭೆಗಳ ಬೋಧಕರು ಹೇಳುವುದೂ ಅದನ್ನೇ. ಆದರೆ ಪಾಪವಲ್ಲವೆಂದು ತೀರ್ಮಾನವಾದ ಮಾತ್ರಕ್ಕೆ ಒಂದು ವಸ್ತು ಸಾಕ್ಷಿಯಾಗಿಬಿಡುವುದಿಲ್ಲ. ನನ್ನ ಮಟ್ಟಿಗೆ ಕಷ್ಟದ ಪ್ರಶ್ನೆ ನಿಮ್ಮದೇ.

ಹಾಗೆಂದು ತಂದೆಯವರು ತೋರಿಸುವ ವಚನವನ್ನು ಹಗುರವಾಗಿ ತಳ್ಳಿಹಾಕಬಾರದು. ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವುದನ್ನೂ ಮೈಮೇಲೆ ಗುರುತು ಚುಚ್ಚಿಸಿಕೊಳ್ಳುವುದನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುವ ಆ ವಚನ ‘ನಾನು ಯೆಹೋವನು’ ಎಂಬ ಮಾತಿನೊಂದಿಗೆ ಮುಗಿಯುತ್ತದೆ. ಅದರ ಹಿಂದಿನ ವಚನ ಗಡ್ಡದ ಅಂಚನ್ನು ಕತ್ತರಿಸಬಾರದೆನ್ನುತ್ತದೆ, 19ನೆಯ ವಚನ ಎರಡು ಬಗೆಯ ನೂಲು ಬೆರೆಸಿದ ಬಟ್ಟೆಯನ್ನು ಉಡಬಾರದೆನ್ನುತ್ತದೆ, ಆದ್ದರಿಂದ ಗಡ್ಡ ಬೋಳಿಸಿಕೊಂಡವರು ಹಚ್ಚೆಯ ಬಗ್ಗೆ ಮಾತನಾಡಬಾರದು ಎಂದು ಯುವಜನರ ಕೂಟಗಳಲ್ಲಿ ವಾದಿಸುವುದುಂಟು. ಈ ವಾದ ಚುರುಕಾಗಿದೆಯೇ ಹೊರತು ಗಟ್ಟಿಯಾಗಿಲ್ಲ, ಏಕೆಂದರೆ ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆ ಇರುವುದೂ ಅದೇ ಅಧ್ಯಾಯದಲ್ಲಿ, 18ನೆಯ ವಚನದಲ್ಲಿ. ಒಂದು ಅಧ್ಯಾಯದಿಂದ ಒಂದನ್ನು ಉಳಿಸಿ ಇನ್ನೊಂದನ್ನು ಬಿಡುವಾಗ, ಆ ನಿಯಮ ಏನನ್ನು ಕಾಪಾಡಲು ಹುಟ್ಟಿತು ಎಂದು ಕೇಳಲೇಬೇಕಾಗುತ್ತದೆ.

ಇಲ್ಲಿ ಗುರುತು ಎಂಬುದಕ್ಕೆ ಬಳಸಿರುವ ಹೀಬ್ರೂ ಪದ ಇಡೀ ಹೀಬ್ರೂ ಬೈಬಲಿನಲ್ಲಿ ಇದೊಂದೇ ಕಡೆ ಬರುತ್ತದೆ. ಆದ್ದರಿಂದ ವಿದ್ವಾಂಸರು ಸಂದರ್ಭವನ್ನು ನೋಡಿ ಅರ್ಥ ಹೇಳಬೇಕಾಗಿದೆ. ಧರ್ಮೋಪದೇಶಕಾಂಡ 14:1ರಲ್ಲೂ ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವುದನ್ನು ಬೇಡವೆಂದಿರುವುದರಿಂದ, ಇದು ಸುತ್ತಲಿನ ಜನಾಂಗಗಳ ಶೋಕಾಚರಣೆಯನ್ನು ಕುರಿತ ನಿಷೇಧವೆಂಬುದು ಹಳೆಯ ವಿವರಣೆ. ಪ್ರಾಚೀನ ಈಜಿಪ್ಟ್ ಮತ್ತು ಬಾಬಿಲೋನಿನಲ್ಲಿ ಗುಲಾಮರ ಮೈಮೇಲೆ ಒಡೆಯನ ಗುರುತನ್ನು ಹಾಕುತ್ತಿದ್ದುದರಿಂದ, ದಾಸತ್ವದಿಂದ ಬಿಡುಗಡೆಯಾದ ಜನ ಮತ್ತೊಬ್ಬನ ಒಡೆತನದ ಗುರುತನ್ನು ಹೊರಬಾರದೆಂಬುದೇ ಇದರ ತಾತ್ಪರ್ಯವೆಂದು ಈಚಿನ ಕೆಲವು ವಿದ್ವಾಂಸರು ಹೇಳುತ್ತಾರೆ. ಯೆಹೂದ್ಯರ ಪ್ರಾಚೀನ ನಿಯಮಸಂಗ್ರಹವಾದ ಮಿಶ್ನಾದಲ್ಲೂ ಈ ಚರ್ಚೆಯಿದೆ: ಚರ್ಮವನ್ನು ಚುಚ್ಚಿ ಅದರೊಳಗೆ ಮಸಿಯನ್ನೂ ತುಂಬಿದರೆ ಮಾತ್ರ ಅಪರಾಧವೆಂದು ಒಂದು ಅಭಿಪ್ರಾಯವಾದರೆ, ಒಂದು ದೈವದ ಹೆಸರನ್ನು ಬರೆಸಿಕೊಂಡಾಗ ಮಾತ್ರ ಅಪರಾಧವೆಂದು ರಬ್ಬಿ ಶಿಮೋನರ ಹೆಸರಿನಲ್ಲಿ ದಾಖಲಾಗಿರುವ ಇನ್ನೊಂದು ಅಭಿಪ್ರಾಯ. ಈ ವಿವರಣೆಗಳು ಬೇರೆಬೇರೆಯಾದರೂ ಅವುಗಳ ಅಡಿಯಲ್ಲಿ ಹರಿಯುವ ಪ್ರಶ್ನೆ ಒಂದೇ ಎಂದು ನನಗೆ ತೋರುತ್ತದೆ: ಈ ದೇಹ ಯಾರದು?

ಹೊಸ ಒಡಂಬಡಿಕೆ ನಿಷೇಧವನ್ನು ಮುಂದುವರಿಸುವುದಿಲ್ಲ, ಆದರೆ ಪ್ರಶ್ನೆಯನ್ನು ಮುಂದುವರಿಸುತ್ತದೆ. ಅನ್ಯಜನರಿಂದ ಬಂದ ವಿಶ್ವಾಸಿಗಳ ಮೇಲೆ ಮೋಶೆಯ ನಿಯಮದ ಭಾರವನ್ನು ಎಷ್ಟು ಹೊರಿಸಬೇಕೆಂದು ಯೆರೂಸಲೇಮಿನಲ್ಲಿ ಕೂಡಿ ಚರ್ಚಿಸಿದ ಹಿರಿಯರು (ಅಪೊಸ್ತಲರ ಕೃತ್ಯಗಳು, 15ನೆಯ ಅಧ್ಯಾಯ) ವಿಗ್ರಹಗಳಿಗೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ ಎಂಬ ನಾಲ್ಕನ್ನು ಮಾತ್ರ ಹೆಸರಿಸಿದರು. ಹಚ್ಚೆ ಆ ಪಟ್ಟಿಯಲ್ಲಿಲ್ಲ. ಅಪೊಸ್ತಲನಾದ ಪೌಲನು ಮಾತ್ರ ಕೊರಿಂಥದವರಿಗೆ ಬರೆಯುತ್ತಾ, ನಿಮ್ಮ ದೇಹ ಪವಿತ್ರಾತ್ಮನ ಆಲಯ, ನೀವು ನಿಮ್ಮ ಸ್ವಂತ ಸೊತ್ತಲ್ಲ, ಕ್ರಯಕ್ಕೆ ಕೊಳ್ಳಲ್ಪಟ್ಟವರು ಎನ್ನುತ್ತಾನೆ. ಹಚ್ಚೆಯನ್ನು ವಿರೋಧಿಸುವವರು ‘ಆಲಯದ ಗೋಡೆಯ ಮೇಲೆ ಗೀಚುತ್ತಾರೆಯೇ’ ಎಂದು ಇದೇ ವಚನವನ್ನು ಹಿಡಿಯುತ್ತಾರೆ. ಪರವಾಗಿರುವವರು ‘ಆಲಯದ ಬಾಗಿಲ ಮೇಲೆ ಶಿಲುಬೆ ಇರುವುದಿಲ್ಲವೇ’ ಎಂದು ಅದನ್ನೇ ತಿರುಗಿಸುತ್ತಾರೆ. ಪೌಲನು ಅಲ್ಲಿ ಮಾತನಾಡುತ್ತಿರುವುದು ಜಾರತ್ವದ ಬಗ್ಗೆ ಎಂಬುದನ್ನು ಇಬ್ಬರೂ ಮರೆಯುತ್ತಾರೆ.

ಗಲಾತ್ಯದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲನು ಇನ್ನೊಂದು ಮಾತು ಹೇಳುತ್ತಾನೆ: ಯೇಸುವಿನ ಗುರುತುಗಳನ್ನು ನನ್ನ ದೇಹದಲ್ಲಿ ಹೊತ್ತಿದ್ದೇನೆ. ಗುರುತು ಎಂಬಲ್ಲಿ ಅವನು ಬಳಸುವ ಗ್ರೀಕ್ ಪದ ‘ಸ್ಟಿಗ್ಮಾತಾ’. ಗ್ರೀಕರಲ್ಲೂ ರೋಮನ್ನರಲ್ಲೂ ಅದು ಓಡಿಹೋಗಿ ಸಿಕ್ಕಿಬಿದ್ದ ಗುಲಾಮನ ಹಣೆಯ ಮೇಲೆ, ಅಪರಾಧಿಯ ಮುಖದ ಮೇಲೆ ಚುಚ್ಚುತ್ತಿದ್ದ ಕಳಂಕದ ಹಚ್ಚೆ. ನೈಲ್ ನದಿಯ ಒಂದು ಮುಖದ ಬಳಿಯಿದ್ದ ಗುಡಿಯಲ್ಲಿ ಆಶ್ರಯ ಪಡೆದು ದೇವರ ಗುರುತನ್ನು ಹಾಕಿಸಿಕೊಂಡ ಗುಲಾಮನನ್ನು ಯಾರೂ ಮುಟ್ಟುವಂತಿರಲಿಲ್ಲ ಎಂದು ಪೌಲನಿಗಿಂತ ಸುಮಾರು ಐನೂರು ವರ್ಷ ಹಿಂದೆಯೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ‘ಇನ್ನು ಮೇಲೆ ಯಾರೂ ನನಗೆ ತೊಂದರೆ ಕೊಡದಿರಲಿ’ ಎಂದು ಪೌಲನು ಅದೇ ವಚನದಲ್ಲಿ ಹೇಳುವಾಗ ಇಂಥದ್ದೇ ಒಂದು ಚಿತ್ರ ಓದುಗರ ಕಣ್ಣ ಮುಂದೆ ಬಂದಿರಬಹುದು. ಆದರೆ ಪೌಲನ ಮೈಮೇಲಿದ್ದದ್ದು ಹಚ್ಚೆಯಲ್ಲ. ಒಂದು ಕಡಿಮೆ ನಲವತ್ತು ಏಟುಗಳನ್ನು ಐದು ಸಲ ತಿಂದವನು, ಮೂರು ಸಲ ಕೋಲಿನಿಂದ ಹೊಡೆಸಿಕೊಂಡವನು, ಒಮ್ಮೆ ಕಲ್ಲೇಟು ತಿಂದವನು ಅವನು. ಆ ಗುರುತುಗಳನ್ನು ಅವನು ಆರಿಸಿಕೊಂಡು ಹಾಕಿಸಿಕೊಂಡದ್ದಲ್ಲ. ಅವನು ಹೇಳಿದ ಮಾತಿಗೆ ಬೇರೆಯವರು ಹಾಕಿದ್ದು.

ಕ್ರೈಸ್ತ ಚರಿತ್ರೆಯಲ್ಲಿ ದೇಹದ ಗುರುತು ಸಾಕ್ಷಿಯಾದ ಮೊದಲ ಬಗೆ ಇದೇ. ರೋಮ್ ಸಾಮ್ರಾಜ್ಯದಲ್ಲಿ ನಂಬಿಕೆಗಾಗಿ ಗಣಿಗಳಿಗೆ ತಳ್ಳಲ್ಪಟ್ಟವರ ಹಣೆಯ ಮೇಲೆ ಶಿಕ್ಷೆಯ ಅಕ್ಷರಗಳನ್ನು ಚುಚ್ಚಲಾಗುತ್ತಿತ್ತು. ಮನುಷ್ಯನ ಮುಖ ಪರಲೋಕದ ಸೌಂದರ್ಯದ ಹೋಲಿಕೆಯಲ್ಲಿ ರೂಪುಗೊಂಡದ್ದು, ಅದನ್ನು ಕೆಡಿಸಬಾರದು ಎಂದು ಹೇಳಿ ಚಕ್ರವರ್ತಿ ಕಾನ್ಸ್ಟಂಟೈನ್ ಸುಮಾರು 316ರಲ್ಲಿ ಅಪರಾಧಿಗಳ ಮುಖಕ್ಕೆ ಗುರುತು ಹಾಕುವುದನ್ನು ನಿಲ್ಲಿಸಿದ. ಕೈಗೂ ಮೀನಖಂಡಕ್ಕೂ ಹಾಕಲು ಮಾತ್ರ ಅವನ ಅಭ್ಯಂತರವಿರಲಿಲ್ಲ. ಆದರೂ 9ನೆಯ ಶತಮಾನದಲ್ಲಿ, ಪವಿತ್ರ ಚಿತ್ರಗಳನ್ನು ವಿರೋಧಿಸುತ್ತಿದ್ದ ಬೈಜಾಂಟಿಯಂನ ಚಕ್ರವರ್ತಿ ಥಿಯೋಫಿಲೋಸ್, ಆ ಚಿತ್ರಗಳ ಪರವಾಗಿ ನಿಂತ ಥಿಯೋಡೋರ್ ಮತ್ತು ಥಿಯೋಫಾನಿಸ್ ಎಂಬ ಸನ್ಯಾಸಿ ಸಹೋದರರ ಮುಖದ ಮೇಲೆ ಅವರನ್ನು ಹೀಗಳೆಯುವ 12 ಸಾಲುಗಳ ಪದ್ಯವನ್ನೇ ಚುಚ್ಚಿಸಿದ. ಥಿಯೋಡೋರ್ ತೀರಿಕೊಂಡ, ಥಿಯೋಫಾನಿಸ್ ಕಾಲ ಬದಲಾದ ಮೇಲೆ ಅದೇ ಮುಖ ಹೊತ್ತು ನಿಸಿಯಾದ ಬಿಷಪ್ ಆದ. ಪೂರ್ವದ ಸಭೆ ಇಂದಿಗೂ ಅವರಿಬ್ಬರನ್ನು ‘ಬರೆಯಲ್ಪಟ್ಟವರು’ ಎಂಬ ಬಿರುದಿನಿಂದಲೇ ಸ್ಮರಿಸುತ್ತದೆ.

ಸ್ವಇಚ್ಛೆಯಿಂದ ಹಾಕಿಸಿಕೊಂಡ ಹಚ್ಚೆಯೂ ಹೊಸದೇನಲ್ಲ. ಅನೇಕ ಕ್ರೈಸ್ತರು ಮಣಿಕಟ್ಟಿನ ಮೇಲೋ ತೋಳಿನ ಮೇಲೋ ಶಿಲುಬೆಯನ್ನು ಇಲ್ಲವೇ ಕ್ರಿಸ್ತನ ಹೆಸರನ್ನು ಬರೆಸಿಕೊಳ್ಳುತ್ತಾರೆಂದು ಗಾಜಾದ ಪ್ರೊಕೋಪಿಯಸ್ ಎಂಬ ವ್ಯಾಖ್ಯಾನಕಾರ ಸುಮಾರು 1,500 ವರ್ಷಗಳ ಹಿಂದೆ ಬರೆದಿದ್ದಾನೆ. ಕುತೂಹಲದ ಸಂಗತಿಯೆಂದರೆ ಅವನು ಅದನ್ನು ಹೇಳುವುದು ಯೆಶಾಯನ ಗ್ರಂಥವನ್ನು ವಿವರಿಸುವಾಗ. ಆದರೆ ನೀವು ಆರಿಸಿಕೊಂಡಿರುವ ವಚನದ ಬಳಿಯಲ್ಲ, 44:5ರ ಬಳಿ. ಆ ಮಾತಿಗೆ ಮತ್ತೆ ಬರುತ್ತೇನೆ.

ಇಂದು ಈ ಪದ್ಧತಿ ಜೀವಂತವಾಗಿರುವುದು ಮುಖ್ಯವಾಗಿ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಲ್ಲಿ, ಇಥಿಯೋಪಿಯ ಮತ್ತು ಎರಿಟ್ರಿಯದ ಆರ್ಥೊಡಾಕ್ಸ್ ಸಭೆಗಳಲ್ಲಿ. ಕೈರೋ ನಗರದ ಅಂಚಿನ ಮೊಕಟ್ಟಮ್ ಬೆಟ್ಟದಲ್ಲಿ, ಕಸ ಆಯುವವರ ಬಡಾವಣೆಯ ಮೇಲುಗಡೆ ಬಂಡೆ ಕೊರೆದು ಕಟ್ಟಿದ ಸಂತ ಸೈಮನ್ ಆಶ್ರಮಕ್ಕೆ ಹೋಗುವ ಕುಟುಂಬಗಳು ಮಕ್ಕಳಿಗೂ ಬಲ ಮಣಿಕಟ್ಟಿನ ಒಳಭಾಗದಲ್ಲಿ ಚಿಕ್ಕ ಶಿಲುಬೆಯನ್ನು ಹಾಕಿಸುತ್ತವೆ. ನೀವು ಬಯಸಿರುವ ಜಾಗವೇ ಅದು. ಅಲ್ಲಿ ಆ ಶಿಲುಬೆ ಅಲಂಕಾರವಲ್ಲ. ಚರ್ಚುಗಳ ಮೇಲೆ ಬಾಂಬ್ ದಾಳಿಗಳಾದ ದೇಶದಲ್ಲಿ ಬಾಗಿಲ ಕಾವಲಿನವನು ಮಣಿಕಟ್ಟು ನೋಡಿ ಒಳಗೆ ಬಿಡುವುದುಂಟು, ಅದೇ ಮಣಿಕಟ್ಟನ್ನು ನೋಡಿ ಹೊರಗೆ ಕೆಲಸ ನಿರಾಕರಿಸುವವರೂ ಉಂಟು. ಬೇಡವೆನಿಸಿದಾಗ ಕುತ್ತಿಗೆಯ ಸರವನ್ನು ಬಟ್ಟೆಯೊಳಗೆ ಇಳಿಬಿಡಬಹುದು, ಮಣಿಕಟ್ಟನ್ನು ಎಷ್ಟು ಹೊತ್ತು ಮುಚ್ಚಿಡಬಹುದು? ಒಟ್ಟೊಮನ್ ಆಳ್ವಿಕೆಯ ಕಾಲದಲ್ಲಿ ಬೋಸ್ನಿಯದ ಕ್ಯಾಥೊಲಿಕ್ ಹೆಣ್ಣುಮಕ್ಕಳ ಕೈಗಳ ಮೇಲೆ ಶಿಲುಬೆಗಳನ್ನು ಚುಚ್ಚುತ್ತಿದ್ದುದರ ಹಿಂದೆಯೂ ಇದೇ ಹಿಂತಿರುಗಲಾರದಂತೆ ಗುರುತಿಸಿಕೊಳ್ಳುವ ಉದ್ದೇಶವಿತ್ತೆಂದು ಆ ಜನರ ನೆನಪು. ಗಮನಿಸಿ, ಈ ಯಾವ ಕಡೆಯೂ ಹಚ್ಚೆ ಒಬ್ಬರ ಅಭಿರುಚಿಯ ಪ್ರಕಟಣೆಯಾಗಿರಲಿಲ್ಲ. ಒಂದು ಸಮುದಾಯದ ಗುರುತಾಗಿತ್ತು, ಮತ್ತು ಅದಕ್ಕೊಂದು ಬೆಲೆಯಿತ್ತು.

ಯಾತ್ರಿಕರ ಹಚ್ಚೆಯ ಕಥೆ ಸ್ವಲ್ಪ ಬೇರೆ. ಯೆರೂಸಲೇಮಿನ ಹಳೆಯ ನಗರದಲ್ಲಿ, ಈಜಿಪ್ಟಿನಿಂದ ಬಂದ ರಝೂಕ್ ಎಂಬ ಕಾಪ್ಟಿಕ್ ಕುಟುಂಬ ತಲೆಮಾರುಗಳಿಂದ ಯಾತ್ರಿಕರಿಗೆ ಹಚ್ಚೆ ಹಾಕುತ್ತಿದೆ; ಈ ಕಸುಬು ತಮ್ಮಲ್ಲಿ 700 ವರ್ಷಗಳಿಂದ ನಡೆದುಬಂದಿದೆ ಎಂದು ಅವರು ಹೇಳುತ್ತಾರೆ. ಮರದ ಅಚ್ಚುಗಳಿಂದ ಮೊದಲು ಚಿತ್ರವನ್ನು ಒತ್ತಿ, ಅದರ ಗೆರೆಯ ಮೇಲೆ ಸೂಜಿ ಓಡಿಸುವುದು ಅವರ ಹಳೆಯ ಕ್ರಮ. ಮುಂದೆ 7ನೆಯ ಎಡ್ವರ್ಡ್ ದೊರೆಯಾದ ಬ್ರಿಟನ್ನಿನ ಯುವರಾಜ 1862ರಲ್ಲಿ ಯೆರೂಸಲೇಮಿಗೆ ಹೋದಾಗ ತೋಳಿಗೆ ಶಿಲುಬೆಯ ಹಚ್ಚೆ ಹಾಕಿಸಿಕೊಂಡಿದ್ದ. ಅವನಿಗಿಂತ 250 ವರ್ಷ ಮೊದಲು, 1612ರಲ್ಲಿ, ಅಲ್ಲಿಗೆ ಹೋಗಿದ್ದ ಸ್ಕಾಟ್ಲೆಂಡಿನ ವಿಲಿಯಂ ಲಿತ್ಗೋ ಎಂಬಾತ ಪವಿತ್ರ ಚಿಹ್ನೆಯ ಕೆಳಗೆ ತನ್ನ ದೊರೆ ಜೇಮ್ಸನ ಕಿರೀಟವನ್ನೂ ಹಾಕಿಸಿಕೊಂಡ; 1620ರಲ್ಲಿ ಸ್ಪೇನಿನ ಮಲಾಗಾದಲ್ಲಿ ಸೆರೆಸಿಕ್ಕಾಗ ಆ ಗುರುತಿದ್ದ ಮಾಂಸವನ್ನೇ ಕಿತ್ತರೆಂದು ತನ್ನ ಪ್ರವಾಸಕಥನದಲ್ಲಿ ಬರೆದುಕೊಂಡಿದ್ದಾನೆ. ಅವನನ್ನು ಹಿಂಸಿಸಿದವರೂ ಶಿಲುಬೆಯನ್ನು ಪೂಜಿಸುವವರೇ. ಅವರನ್ನು ಕೆರಳಿಸಿದ್ದು ಕಿರೀಟ. ನಂಬಿಕೆಯ ಗುರುತಿನ ಪಕ್ಕದಲ್ಲಿ ಇನ್ನೇನನ್ನು ಬರೆಸುತ್ತೇವೆ ಎಂಬುದೂ ಸಾಕ್ಷಿಯ ಭಾಗವೇ ಆಗಿಬಿಡುತ್ತದೆ ಎಂಬುದಕ್ಕೆ ಇದನ್ನು ಹೇಳಿದೆ.

ಸಭೆಗಳ ಅಧಿಕೃತ ಮಾತುಗಳು ಈ ವಿಷಯದಲ್ಲಿ ಕಡಿಮೆ. ಪೋಪ್ ಒಬ್ಬರು 787ರಲ್ಲಿ ಎಲ್ಲ ಹಚ್ಚೆಗಳನ್ನೂ ನಿಷೇಧಿಸಿದರೆಂಬ ಮಾತು ಮತ್ತೆಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ಪೋಪ್ ಮೊದಲನೆಯ ಹಡ್ರಿಯನ್ನರ ಪ್ರತಿನಿಧಿಗಳು ಇಂಗ್ಲೆಂಡಿಗೆ ಹೋಗಿ 786ರಲ್ಲಿ ಕೊಟ್ಟ ವರದಿ ಹೇಳುವುದೇ ಬೇರೆ: ಅನ್ಯದೇವತೆಗಳ ಮೂಢನಂಬಿಕೆಯಿಂದ ಮೈಗೆ ಬಣ್ಣ ಚುಚ್ಚಿಸಿಕೊಂಡರೆ ಪ್ರಯೋಜನವಿಲ್ಲ, ದೇವರಿಗಾಗಿ ಆ ನೋವನ್ನು ಅನುಭವಿಸಿದರೆ ಅದಕ್ಕೆ ಪ್ರತಿಫಲವುಂಟು. 2018ರ ಮಾರ್ಚ್‌ನಲ್ಲಿ ರೋಮಿನಲ್ಲಿ ಯುವಜನರೊಂದಿಗೆ ಮಾತನಾಡುತ್ತಾ ಪೋಪ್ ಫ್ರಾನ್ಸಿಸ್, ಹಣೆಯ ಮೇಲೆ ಶಿಲುಬೆ ಹಾಕಿಸಿಕೊಳ್ಳುವ ಎರಿಟ್ರಿಯದವರನ್ನು ನೆನೆದು, ಹಚ್ಚೆಗೆ ಹೆದರಬೇಡಿ, ಅತಿಯಾಗುವುದಷ್ಟೇ ಸಮಸ್ಯೆ ಎಂಬರ್ಥದಲ್ಲಿ ಹೇಳಿದರು. ಇದಕ್ಕೆ ವಿರುದ್ಧವಾದ ಧ್ವನಿಯೂ ಬಲವಾಗಿದೆ: ಆಭರಣವನ್ನೇ ಧರಿಸದ ನಮ್ಮ ಅನೇಕ ಪೆಂತೆಕೊಸ್ತ್ ಕುಟುಂಬಗಳು ಹಚ್ಚೆಯನ್ನು ಒಪ್ಪದಿರುವುದು ಅವರ ಸರಳ ಜೀವನದ ಬೋಧನೆಗೆ ಸುಸಂಗತವಾಗಿಯೇ ಇದೆ, ಅದನ್ನು ಹಾಸ್ಯ ಮಾಡುವುದಕ್ಕೆ ಕಾರಣವಿಲ್ಲ. ನಾಗಾಲ್ಯಾಂಡಿನಲ್ಲಿ ಕೊನ್ಯಾಕ್ ಜನರ ಮುಖದ ಹಚ್ಚೆ ತಲೆಬೇಟೆಯ ಹಿರಿಮೆಗೆ ಅಂಟಿಕೊಂಡಿದ್ದುದರಿಂದ ಬ್ಯಾಪ್ಟಿಸ್ಟ್ ಸಭೆ ಅದನ್ನು ಬಿಡಿಸಿತು. ಪ್ರಕಟನೆ ಗ್ರಂಥದ 13ನೆಯ ಅಧ್ಯಾಯದಲ್ಲಿ ದೇವರ ವಿರೋಧಿಯಾದ ಮೃಗದ ಹೆಸರಿನಲ್ಲಿ ಜನರ ಕೈಗೋ ಹಣೆಗೋ ಹಾಕುವ ಗುರುತಿನ ಹೆದರಿಕೆಯನ್ನು ಇದಕ್ಕೆ ತಂದು ಸೇರಿಸುವವರಿಗೆ ಮಾತ್ರ, ಮುಂದಿನ ಅಧ್ಯಾಯದ ಮೊದಲ ವಚನದಲ್ಲಿ ಕುರಿಮರಿಯಾದಾತನ (ಕ್ರಿಸ್ತನ) ಜನರ ಹಣೆಯ ಮೇಲೂ ಹೆಸರು ಬರೆದಿದೆ ಎಂದು ತೋರಿಸಿದರೆ ಸಾಕು.

ಈಗ ನಿಮ್ಮ ಅಜ್ಜಿಯ ಹಚ್ಚೆ. ಊರಿಂದೂರಿಗೆ ಬರುತ್ತಿದ್ದ ಕೊರವಂಜಿಯರ ಕೈಯಲ್ಲಿ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಹಚ್ಚೆ ಚುಚ್ಚಿಸಿಕೊಂಡದ್ದು ಅಂದಕ್ಕೆ, ರೂಢಿಗೆ. ಅದರ ಜೊತೆಗೆ, ಸತ್ತ ಮೇಲೆ ನಮ್ಮೊಂದಿಗೆ ಬರುವುದು ಹಚ್ಚೆಯೊಂದೇ ಎಂಬ ಮಾತೂ ಇತ್ತು. ಸಭೆ ಅದನ್ನು ಪ್ರಶ್ನಿಸದೆ ಬಿಟ್ಟದ್ದು ಸರಿಯೇ. ಆದರೆ ಆ ಮಾತಿನಲ್ಲಿ ಕ್ರೈಸ್ತರು ಎಚ್ಚರಿಕೆಯಿಂದ ನೋಡಬೇಕಾದ ಒಂದು ಎಳೆಯಿದೆ: ಗುರುತು ಕಾಪಾಡುತ್ತದೆ ಎಂಬ ನಂಬಿಕೆ. ಶಿಲುಬೆಯ ಹಚ್ಚೆಗೂ ಅದು ಸುಲಭವಾಗಿ ಅಂಟಿಕೊಳ್ಳುತ್ತದೆ. ಮಾಧ್ವ ಮಠಗಳಲ್ಲಿ ತಪ್ತ ಮುದ್ರಾಧಾರಣೆ (ಕಾಯಿಸಿದ ಶಂಖ, ಚಕ್ರಗಳ ಮುದ್ರೆಯನ್ನು ಮೈಗೆ ಒತ್ತಿಸಿಕೊಳ್ಳುವುದು) ಮಾಡಿಸಿಕೊಳ್ಳುವುದು ಆ ಸಂಪ್ರದಾಯದೊಳಗೆ ಒಂದು ಸಂಸ್ಕಾರ; ಕ್ರೈಸ್ತರಲ್ಲಿ ಆ ಸ್ಥಾನ ಇರುವುದು ದೀಕ್ಷಾಸ್ನಾನಕ್ಕೆ. ಅದು ಆತ್ಮದ ಮೇಲೆ ಎಂದೂ ಅಳಿಯದ ಮುದ್ರೆಯನ್ನು ಒತ್ತುತ್ತದೆ ಎಂಬುದು ಕ್ಯಾಥೊಲಿಕ್ ಬೋಧನೆ. ಆ ಮುದ್ರೆ ಯಾರ ಕಣ್ಣಿಗೂ ಬೀಳದು. ಹಚ್ಚೆ ಅದಕ್ಕೆ ಏನನ್ನೂ ಸೇರಿಸಲಾರದು, ಹಚ್ಚೆ ಇಲ್ಲದವರಿಗೆ ಏನೂ ಕಡಿಮೆಯಾಗದು.

ಹಾಗಾದರೆ ನಿಮ್ಮ ಮಣಿಕಟ್ಟಿನ ಶಿಲುಬೆ ಸಾಕ್ಷಿಯಾಗುತ್ತದೆಯೇ? ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನು ತನ್ನ ಮಾತಿಗೆ ತಾನು ಬದ್ಧನಾಗುತ್ತಾನೆ. ಪಾಟೀಸವಾಲಿಗೆ ತನ್ನನ್ನು ಒಡ್ಡಿಕೊಳ್ಳುತ್ತಾನೆ. ಹಚ್ಚೆಗೂ ಅದೇ ಅಳತೆಯನ್ನು ಹಿಡಿಯಬೇಕೆಂದು ನನ್ನ ಅಭಿಪ್ರಾಯ. ಕೈರೋದ ಕಾಪ್ಟಿಕ್ ಹುಡುಗಿಯನ್ನು ಅವಳ ಮಣಿಕಟ್ಟು ದಿನವೂ ಪಾಟೀಸವಾಲಿಗೆ ಒಡ್ಡುತ್ತದೆ. ಮೈಸೂರಿನಲ್ಲಿ ನಿಮ್ಮದನ್ನು ನೋಡಿ ಹೆಚ್ಚಿನವರು ‘ಚೆನ್ನಾಗಿದೆ, ಎಲ್ಲಿ ಹಾಕಿಸಿದಿರಿ?’ ಎಂದು ಕೇಳಬಹುದು. ಆದರೆ ನಿಮ್ಮ ಕೈ ಕೆಲಸ ಮಾಡುವ ಕೈ. ರಾತ್ರಿ ಪಾಳಿಯಲ್ಲಿ ಮೂರನೆಯ ಸಲ ಕರೆದ ರೋಗಿಯ ಮೇಲೆ ನೀವು ರೇಗಿದರೆ, ಆ ರೋಗಿ ಶಿಲುಬೆಯನ್ನೂ ನೋಡುತ್ತಾನೆ. ನಿಮ್ಮನ್ನು ಹೊಣೆಗೆ ಕಟ್ಟಿಹಾಕುವಷ್ಟರ ಮಟ್ಟಿಗೆ ಅದು ಸಾಕ್ಷಿ. ಆ ಹೊಣೆ ಬೇಡವಾದರೆ ಅದೊಂದು ಅಂದದ ಚಿತ್ರ, ಅದೂ ಪಾಪವಲ್ಲ. ನೀವು ಒಬ್ಬರಿಗೊಬ್ಬರು ಪ್ರೀತಿಯುಳ್ಳವರಾಗಿದ್ದರೆ ನೀವು ನನ್ನ ಶಿಷ್ಯರೆಂದು ಎಲ್ಲರೂ ತಿಳಿಯುವರು ಎಂದು ಯೇಸು ಹೇಳಿದ್ದು ಗುರುತಿನ ಬಗ್ಗೆಯೇ.

ಇದರೊಂದಿಗೆ ನಿಮ್ಮ ವೃತ್ತಿಗೆ ಸೇರಿದ ಒಂದು ಎಚ್ಚರಿಕೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಎನ್ನುವ ಪೇತ್ರನು (1 ಪೇತ್ರ 3:15) ಆ ಉತ್ತರ ಸಾತ್ವಿಕತ್ವದಿಂದಲೂ ಗೌರವದಿಂದಲೂ ಕೂಡಿರಬೇಕು ಎಂದು ಸೇರಿಸುತ್ತಾನೆ. ಹಾಸಿಗೆ ಹಿಡಿದ ರೋಗಿ ನಿಮ್ಮ ಮಾತಿನಿಂದ ಎದ್ದು ಹೋಗಲಾರ. ಅವನಾಗಿ ಕೇಳಿದರೆ ಒಂದೆರಡು ಮಾತು ಹೇಳಿ; ಕೇಳದಿದ್ದರೆ ಶಿಲುಬೆಯನ್ನು ಮಾತಿನ ನೆಪವಾಗಿಸಬೇಡಿ.

ನೀವು ಆರಿಸಿರುವ ವಚನದ ಬಗ್ಗೆ ಹೇಳಲೇಬೇಕಾದದ್ದಿದೆ. ಯೆಶಾಯ 49:16ರಲ್ಲಿ ಕೆತ್ತುತ್ತಿರುವವನು ಮನುಷ್ಯನಲ್ಲ. ಯೆಹೋವನು ನನ್ನನ್ನು ಮರೆತುಬಿಟ್ಟನೆಂದು ಚೀಯೋನ್, ಅಂದರೆ ಯೆರೂಸಲೇಮ್, ಅಳುತ್ತದೆ. ತಾಯಿ ತನ್ನ ಮೊಲೆಕೂಸನ್ನು ಮರೆತಾಳೇ, ಅವಳು ಮರೆತರೂ ನಾನು ಮರೆಯೆನು ಎಂದು ಹೇಳಿ, ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿದ್ದೇನೆ ಎಂದು ದೇವರು ಉತ್ತರಿಸುತ್ತಾನೆ. ಹಚ್ಚೆ ಇರುವುದು ದೇವರ ಕೈಯಲ್ಲಿ, ಬರೆದಿರುವುದು ನಿಮ್ಮ ಹೆಸರು. ಅದನ್ನು ನಿಮ್ಮ ಕೈಗೆ ತಂದುಕೊಂಡರೆ ತಪ್ಪೇನಿಲ್ಲ, ಆದರೆ ಯಾರ ಕೈ ಎಂಬ ಪ್ರಶ್ನೆ ಕೇಳಿದವರಿಗೆ ಇದನ್ನು ವಿವರಿಸುವಷ್ಟು ನಿಮಗೆ ತಿಳಿದಿರಬೇಕು. ಮನುಷ್ಯನೇ ಬರೆದುಕೊಳ್ಳುವ ವಚನ ಬೇಕಾದರೆ ಪ್ರೊಕೋಪಿಯಸ್ ಹಿಡಿದ 44:5 ಇದೆ. ಅಲ್ಲಿ ಒಬ್ಬನು ‘ಯೆಹೋವನವನು’ ಎಂದು ತನ್ನ ಕೈಯ ಮೇಲೆ ತಾನೇ ಬರೆದುಕೊಳ್ಳುತ್ತಾನೆ. ಕೆಲವರು ವಚನವನ್ನು ಹೀಬ್ರೂವಿನಲ್ಲಿ ಬರೆಸಲು ಹೋಗಿ ಬಲದಿಂದ ಎಡಕ್ಕೆ ಓದಬೇಕಾದ ಅಕ್ಷರಗಳನ್ನು ತಿರುಗುಮುರುಗಾಗಿಸಿಕೊಳ್ಳುತ್ತಾರೆ. ಕನ್ನಡದಲ್ಲೇ ಬರೆಸಿ, ಆದರೆ ಅಲ್ಲೂ ಒತ್ತಕ್ಷರಗಳ ಮೇಲೆ ಕಣ್ಣಿಡಿ. ‘ಕೃಪೆ’ ಒಮ್ಮೆ ‘ಕ್ರಪೆ’ ಆಗಿಬಿಟ್ಟರೆ ಲೇಸರ್‌ಗೆ ಹಲವು ಸಲ ಓಡಾಡಬೇಕಾಗುತ್ತದೆ. ಹೊಸ ಸೂಜಿಯ ಬಗ್ಗೆ ನರ್ಸ್ ಆದ ನಿಮಗೆ ನಾನು ಹೇಳಬೇಕಿಲ್ಲ. ಹಾಕಿಸಿಕೊಂಡ ಮೇಲೆ ಸಾಮಾನ್ಯವಾಗಿ 12 ತಿಂಗಳು ರಕ್ತದಾನಕ್ಕೆ ಅವಕಾಶವಿರುವುದಿಲ್ಲ ಎಂಬುದು ಮಾತ್ರ ನೆನಪಿನಲ್ಲಿರಲಿ.

ತಂದೆಯವರ ವಿಷಯದಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯವನ್ನು ಇಬ್ಬರೂ ಒಟ್ಟಿಗೆ ಕುಳಿತು ಓದಿ. ಮಾಂಸ ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಮಾಡಬಾರದು ಎನ್ನುವ ಆ ಅಧ್ಯಾಯ ಅರ್ಧ ನಿಮಗೆ, ಅರ್ಧ ಅವರಿಗೆ ಬರೆದಂತಿದೆ. ಅವರ ಮನಸ್ಸು ಒಪ್ಪುವ ತನಕ ಕಾಯಬೇಕೆಂದು ನಾನು ಹೇಳುವುದಿಲ್ಲ, ಅವರಿಗೆ ತಿಳಿಯದಂತೆ ಮಾಡಬೇಡಿ ಎಂದಷ್ಟೇ ಹೇಳುತ್ತೇನೆ.

ಕಾಯಲು ನಿಮ್ಮ ಮನಸ್ಸೇ ಒಪ್ಪಿದರೆ ಒಂದು ಕೆಲಸ ಮಾಡಬಹುದು. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಮುಂದಿನ ಲೆಂಟ್‌ನ 40 ದಿನ, ಪ್ರತಿ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಶಿಲುಬೆಯನ್ನು ಪೆನ್ನಿನಿಂದ ಬರೆದುಕೊಂಡು ಕೆಲಸಕ್ಕೆ ಹೋಗಿ. ವಾರ್ಡಿನಲ್ಲಿ, ಬಸ್ಸಿನಲ್ಲಿ, ಮನೆಯ ಊಟದ ಹೊತ್ತಿನಲ್ಲಿ ಅದು ಏನು ಮಾಡುತ್ತದೆಂದು ಗಮನಿಸಿ. ಆಸ್ಪತ್ರೆಯಲ್ಲಿ ಪ್ರತಿ ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕಾದ್ದರಿಂದ ನೀವು ಅದನ್ನು ದಿನಕ್ಕೆ ಹಲವಾರು ಸಲ ಮತ್ತೆ ಬರೆದುಕೊಳ್ಳಬೇಕಾಗುತ್ತದೆ.